ಇಲಿ ಮಲಗಿಸೋ ಓದು

ಇಲಿಗಳಿಗೆ ನಿದ್ದೆ ಔಷಧಿ ಕೊಟ್ಟು, ಅವು ಯಾವಾಗ ಏಳ್ತವೆ ಅಂತ ಗಡಿಯಾರ ಹಿಡ್ಕೊಂಡು ಕಾಯೋದು ನನ್ನ ಕೆಲಸ. ಇಂಥ ಕೆಲಸ ಇಟ್ಕೊಂಡು ತಾಳವಾಡಿ ಕಡೆಗೆ ಬಂದರೆ ನಗೋ ಪ್ರಸಂಗಗಳನ್ನ ಹುಡುಕಿಕೊಂಡು ಹೋಗಬೇಕಾಗಿಲ್ಲ, ಅವೇ ಬಸ್ ಸ್ಟಾಪಿಗೆ ಬಂದು ನಿಂತಿರ್ತವೆ.

ಬೆಟ್ಟದ ಕೆಳಗೆ, ತಮಿಳು ಸೀಮೆಯ ಒಂದು ಕಾಲೇಜಲ್ಲಿ ನನ್ನ ಸಂಶೋಧನೆ. ಗಂಡು-ಹೆಣ್ಣಿನ ಸ್ಟೀರಾಯ್ಡ್ ಹಾರ್ಮೋನುಗಳು ಲಿವರಿನ ಕೆಲಸವನ್ನ ಹೇಗೆ ಬದಲಾಯಿಸ್ತವೆ ಅನ್ನೋದು ವಿಷಯ. ಪ್ರಬಂಧ ಒಪ್ಪಿಸೋಕೆ ಮುಂಚೆ ಒಂದು ಪರೀಕ್ಷೆ ಇರುತ್ತೆ. ಹೋದ ಸಲ ಅದರಲ್ಲಿ ಒಂದು ಗಂಟೆ ಒದರಿದೆ. ಹೊರಗಿಂದ ಬಂದಿದ್ದ ಪರೀಕ್ಷಕಿ ಕನ್ನಡಕ ತೆಗೆದು, ತಮಿಳಲ್ಲಿ "ಪುರಿಯಲೆಮ್ಮಾ" ಅಂದುಬಿಟ್ಟರು. ಅರ್ಥವಾಗಲಿಲ್ಲವಂತೆ. ಫೇಲು. ಉಳಿದಿರೋದು ಇನ್ನೊಂದೇ ಅವಕಾಶ, ದೀಪಾವಳಿ ಕಳೆದ ಮೇಲಿನ ಸೋಮವಾರ. ಅದೂ ಹೋದರೆ ಐದು ವರ್ಷದ ಓದು ನೀರಿಗೆ ಬಿದ್ದಂತೆ. "ಊರಿಗೆ ಹೋಗಿ ನಿಮ್ಮಜ್ಜಿಗೆ ಅರ್ಥ ಮಾಡಿಸು. ಅವರಿಗೆ ತಿಳಿದರೆ ಆ ಮೇಡಂಗೂ ತಿಳಿಯುತ್ತೆ" ಅಂತ ಗೈಡು ಕಳಿಸಿಕೊಟ್ಟರು. ಹಬ್ಬಕ್ಕೆ ಮುಂಚೆಯೇ ನಮ್ಮೂರು ದೊಡ್ಡಗಾಜನೂರಲ್ಲಿ ಇಳಿದೆ.

ಪಾಷಾಣ

ಬಸ್ ಸ್ಟಾಪಲ್ಲೇ ಪಕ್ಕದ ಹೊಲದ ಮಾವ ಸಿಕ್ಕಿದರು.

"ಅದೇನೋ ಇಲಿ ಕೆಲ್ಸ ಅಂತಲ್ಲವ್ವ, ಏನ್ ಮಾಡೀಯೆ?"

"ಔಷಧಿ ಕೊಟ್ಟು ಮಲಗಿಸ್ತೀನಿ ಮಾವ."

"ಆಮ್ಯಾಕೆ?"

"ಏಳೋ ತನಕ ಕಾಯ್ತೀನಿ."

"ಎದ್ಮೇಲೆ?"

"ಬರ್ಕೋತೀನಿ."

ಮಾವ ಹೆಗಲ ಮೇಲಿದ್ದ ಕಬ್ಬಿನ ಹೊರೆ ಕೆಳಗಿಳಿಸಿದರು. "ನಮ್ಮೊಲದ ಕಬ್ನೆಲ್ಲ ಕಡ್ದು ಆಕ್ತಾವೆ ಅಂತ ನಾವು ಪಾಷಾಣ ಇಕ್ಕದು. ನೀನು ಅವು ಎದ್ದೇಳ್ಲಿ ಅಂತ ಕಾದೀಯಾ? ಇದ್ಕೆ ಸಂಬ್ಳ ಯಾರವ್ವ ಕೊಡೋರು?"

"ಗೌರ್ಮೆಂಟು, ಮಾವ."

ಮಾವ ಹೊರೆ ಮತ್ತೆ ಹೆಗಲಿಗೇರಿಸಿದರು. "ಅದ್ಕೇ ಕಣವ್ವ, ಇಲಿ ಕಮ್ಮಿಯಾಗ್ತಿಲ್ಲ."

ಅತ್ತೆ ಇಲ್ಲದ ಹೆಣ್ಣಿಲಿ

ಮನೆಯಲ್ಲಿ ಅಜ್ಜಿ, ಅವರ ಸೊಸೆಯರಾದ ಅವ್ವ, ದೊಡ್ಡವ್ವ ಮೂವರೂ ಜಗಲಿ ಮೇಲೆ ಅವರೆಕಾಯಿ ಸುಲೀತಿದ್ದರು. ನಾನೂ ಒಂದು ಮೊರ ಎಳ್ಕೊಂಡು ಕೂತು ಶುರು ಮಾಡಿದೆ. "ಲಿವರಲ್ಲಿ ಎನ್‌ಜೈಮ್ ಅಂತ ಇರ್ತವೆ. ಹೊಟ್ಟೆಗೆ ಹೋದ ಔಷಧಿನ ಕತ್ತರಿಸಿ ಹಾಕೋ ಕೂಲಿಯಾಳುಗಳು. ಗಂಡಿಲಿಯ ಹಾರ್ಮೋನು ಆ ಆಳುಗಳನ್ನ ಜಾಸ್ತಿ ಮಾಡುತ್ತೆ. ಅದಕ್ಕೇ ಒಂದೇ ಅಳತೆ ಔಷಧಿ ಕೊಟ್ಟರೂ ಗಂಡಿಲಿ ಬೇಗ ಏಳುತ್ತೆ, ಹೆಣ್ಣಿಲಿ ಇನ್ನೂ ಮಲಗೇ ಇರುತ್ತೆ."

ಮೂವರ ಕೈಯೂ ನಿಂತಿತು.

"ಎಣ್ಣು ಮನಿಕಂಡಿರ್ತದೆ, ಗಂಡು ಎದ್ದುಬುಡ್ತದೆ?" ಅಂದರು ದೊಡ್ಡವ್ವ. "ಯಾವೂರಲ್ಲವ್ವ? ನಾನು ಕೋಳಿ ಕೂಗಕ್ಕೆ ಮುಂಚೆ ಎದ್ದು ಒಲೆ ಅಚ್ತೀನಿ. ನಿಮ್ಮ ದೊಡ್ಡಪ್ಪ ಬಿಸ್ಲು ಮೂತಿಗೆ ಬಿದ್ರೂ ಏಳದಿಲ್ಲ."

"ನಾನೇ ಕಣ್ಣಾರೆ ನೋಡಿದೀನಿ ದೊಡ್ಡವ್ವ!"

"ಆ ಎಣ್ಣಿಲಿ ಗೂಡಿಗೆ ಅದ್ರ ಅತ್ತೆನೂ ಬುಡು," ಅಂದರು ದೊಡ್ಡವ್ವ, ಅಜ್ಜಿ ಕಡೆ ಒಂದು ಸಲ ನೋಡಿ. "ಆಮ್ಯಾಲೆ ಬರ್ಕೊ, ಯಾರ್ ಮೊದ್ಲು ಎದ್ರು ಅಂತ."

ಆಪರೇಷನ್

ನಾನೂ ಬಿಡಲಿಲ್ಲ. "ಹೋರಿಗೆ ಬೀಜ ಒಡೆಸಿದ ಹಾಗೆ ಗಂಡಿಲಿಗೆ ಬೀಜ ತೆಗೆದರೆ ಅದೂ ಹೆಣ್ಣಿಲಿಯಷ್ಟೇ ಹೊತ್ತು ಮಲಗುತ್ತೆ. ಹಾರ್ಮೋನಿನ ಸೂಜಿ ಹಾಕುತ್ತಾ ಬಂದರೆ ಲಿವರು ಮತ್ತೆ ಚುರುಕಾಗುತ್ತೆ."

ಜಗಲಿ ಮೂಲೆಯಲ್ಲಿ ಗೊರಕೆ ನಿಂತಿತು. ದೊಡ್ಡಪ್ಪ ಎದ್ದು ಕೂತರು. ಅವರಿಗೆ ಎಂದೋ ಕುಟುಂಬ ಯೋಜನೆ ಆಪರೇಷನ್ ಆಗಿತ್ತು.

"ಕೇಳುಸ್ಕಂಡ್ಯಾ?" ಅಂದರು ದೊಡ್ಡವ್ವನಿಗೆ. "ಉಂಡು ಮನಿಕತೀನಿ ಅಂತ ದಿನಾ ಬಯ್ತಿದ್ದೆ. ನಂದೇನೂ ತಪ್ಪಿಲ್ಲ, ಲಿವರ್ದು! ಆಪರೇಷನ್ ಮಾಡುಸ್ಕೊ ಅಂತ ತಾಳವಾಡಿಗೆ ಎಳ್ಕಂಡೋದೋಳು ಯಾರು? ನೀನೇ!"

ದೊಡ್ಡವ್ವನ ಮುಖ ಬಾಡಿಹೋಯಿತು. "ದಿಟ್ವಾ ಮೊಗಾ?"

ನನಗೆ ಅಯ್ಯೋ ಪಾಪ ಅನ್ನಿಸಿತು. "ಇಲ್ಲ ದೊಡ್ಡವ್ವ. ಆ ಆಪರೇಷನ್ನಲ್ಲಿ ಬೀಜ ತೆಗೆಯಲ್ಲ, ನಾಳ ಮಾತ್ರ ಕತ್ತರಿಸ್ತಾರೆ. ಹಾರ್ಮೋನು ಹಾಗೇ ಇರುತ್ತೆ."

ದೊಡ್ಡವ್ವ ಸೆರಗು ಸೊಂಟಕ್ಕೆ ಸಿಗಿಸಿ, ಒಳಗಿಂದ ಗುದ್ದಲಿ ತಂದು ದೊಡ್ಡಪ್ಪನ ಕೈಗೆ ಕೊಟ್ಟರು. "ನಡಿ ಒಲಕ್ಕೆ. ಆರ್ಮೋನು ಅಂಗೇ ಅದಂತೆ."

ಸೋದರತ್ತೆ

ಉಳಿದದ್ದು ಕಷ್ಟದ ಪಾಠ, ಹೋದ ಸಲ ನಾನು ಬಿದ್ದಿದ್ದೇ ಅಲ್ಲಿ. ಅಜ್ಜಿಗೆ ಹೇಳಿದೆ: "ಈ ಹಾರ್ಮೋನು ಜೀವಕೋಶದ ಬಾಗಿಲು ತಟ್ಟಲ್ಲ, ಸೀದಾ ಒಳಕ್ಕೆ ಬರುತ್ತೆ. ಆದರೆ ಒಳಗೆ ಅದರ ಮಾತು ಯಾರೂ ಕೇಳಲ್ಲ. ಅಲ್ಲಿ ರಿಸೆಪ್ಟರ್ ಅಂತ ಒಂದು ಕೂತಿರುತ್ತೆ. ಅದರ ಕೈ ಹಿಡ್ಕೊಂಡು ನಡುಮನೆಗೆ ಹೋದರೇನೇ ಆರ್ಡರ್ ಹೊರಡೋದು, ಆಳುಗಳು ಜಾಸ್ತಿಯಾಗೋದು."

"ಅಯ್ಯೋ, ಇದು ನಿಮ್ಮತ್ತೆ ಕಣವ್ವ!" ಅಂದರು ಅಜ್ಜಿ.

ಅಜ್ಜಿಯ ಮಗಳು, ನನ್ನ ಸೋದರತ್ತೆ, ಜೀರಹಳ್ಳಿಗೆ ಕೊಟ್ಟಿರೋದು. "ಇತ್ಲ ಬಾಗ್ಲಿಂದ ಸೀದಾ ಒಳಕ್ ಬತ್ತಾಳೆ. ಅವಳ ಮಾತ ಈ ಸೊಸೇರು ಕೇಳದಿಲ್ಲ. ನನ್ ಕೈ ಇಡ್ಕಂಡು ಅಡ್ಗೆಮನೆಗೆ ಓಯ್ತಾಳೆ. ನಾನು ಒಂದ್ ಮಾತು ಏಳುದ್ರೆ ಆಯ್ತು, ಇಬ್ರೂ ಗಿರಗಿರ ತಿರುಗ್ತಾರೆ."

ಖುಷಿಗೆ ಅಜ್ಜಿಯನ್ನ ತಬ್ಬಿಕೊಂಡೆ. ಅವ್ವ ಮಾತ್ರ ತಲೆ ಎತ್ತದೆ ಅವರೆಕಾಯಿ ಸುಲೀತಿದ್ದರು.

ಹಬ್ಬ ಮುಗಿದ ಮೇಲೆ ಅತ್ತೆ ಬಂದೇ ಬಂದರು. ಅಜ್ಜಿ ಅವತ್ತು ಗುಮಟಾಪುರದಲ್ಲಿ ದೀಪಾವಳಿ ಆದಮೇಲೆ ಪ್ರತಿ ವರ್ಷ ಆಡೋ ಸಗಣಿ ಎರಚಾಟ ನೋಡೋಕೆ ಹೋಗಿದ್ದರು. ಅತ್ತೆ ಅಡುಗೆಮನೆಯಲ್ಲಿ ನಿಂತು, "ಒಬ್ಬಟ್ಟು ಮಾಡ್ರವ್ವ" ಅಂತ ಕೂಗಿದ್ದೇ ಬಂತು, ಒಂದು ಪಾತ್ರೆಯೂ ಅಲುಗಲಿಲ್ಲ. ಸಂಜೆ ಅಜ್ಜಿ ಸೀರೆಗೆಲ್ಲ ಸಗಣಿ ಸಿಡಿಸ್ಕೊಂಡು ಬಂದರು. ಅತ್ತೆ ಓಡಿ ಬರೋದರೊಳಗೆ ಅವ್ವ ಅಜ್ಜಿಯನ್ನ ಕೂರಿಸಿ, ಬಿಸಿ ಎಣ್ಣೆ ತಂದು ಕಾಲಿಗೆ ತಿಕ್ಕೋಕೆ ಶುರು ಮಾಡಿದ್ದರು.

"ಏಳ್ಬೇಡಿ ಅತ್ತೆಮ್ಮ, ಎಣ್ಣೆ ಕಾಲು, ಜಾರ್ತೀರಿ," ಅಂದರು ಅಜ್ಜಿಗೆ.

ಜೀರಹಳ್ಳಿ ಅತ್ತೆ ಬಂದಾಗೆಲ್ಲ ಅವ್ವ ಹೀಗೇ. ಸೊಸೆ ಅಂದರೆ ಹೀಗಿರಬೇಕು ಅಂತ ಊರೇ ಹೊಗಳುತ್ತೆ. ಅಜ್ಜಿ ಯಾವಾಗ ಎದ್ದು ಅಡುಗೆಮನೆಗೆ ಬರ್ತಾರೆ ಅಂತ ಅತ್ತೆ ಕಾದೂ ಕಾದೂ, ಬರೀ ಕಾಪಿ ಕುಡಿದು ಬಸ್ಸಿಗೆ ಹೊರಟರು. ಹೊಸ್ತಿಲಲ್ಲಿ ನನ್ನ ಕಡೆ ತಿರುಗಿ, "ನಾನು ಅದೇನೋ ಆರ್ಮೋನಂತೆ? ಒಂದ್ ಒಬ್ಬಟ್ಟಿಗೂ ಗತಿ ಇಲ್ಲ!" ಅಂದರು.

ಸೋಮವಾರ

ಅದೇ ಕೋಣೆ, ಅದೇ ಪರೀಕ್ಷಕಿ, ಅದೇ ಕನ್ನಡಕ. ಬಾಯಿಪಾಠ ಮಾಡಿದ್ದೆಲ್ಲ ಮರೆತೇಹೋಯಿತು. ಆಗಿದ್ದಾಗಲಿ ಅಂತ ತಮಿಳಲ್ಲಿ ಸೋದರತ್ತೆ ಕಥೆ ಶುರು ಹಚ್ಚಿದೆ. ಎಲ್ಲರೂ ನಕ್ಕರು, ಮೇಡಂ ನಗಲಿಲ್ಲ.

"ಹಾರ್ಮೋನು ಇದ್ದೂ ಎನ್‌ಜೈಮ್ ಏರಲಿಲ್ಲ ಅಂದರೆ?"

"ಅಜ್ಜಿ ಗುಮಟಾಪುರಕ್ಕೆ ಹೋಗಿದಾರೆ ಅಂತ, ಮೇಡಂ."

ನಮ್ಮ ಗೈಡು ಮೇಜಿನ ಮೇಲೆ ತಲೆ ಇಟ್ಟುಬಿಟ್ಟರು.

"ಸರಿ. ಅಜ್ಜಿ ಮನೆಯಲ್ಲೇ ಇದ್ದಾರೆ, ಅತ್ತೆಯೂ ಬಂದಿದ್ದಾರೆ. ಆದರೂ ಅಡುಗೆಮನೆ ಅಲುಗಲಿಲ್ಲ. ಈಗ ಹೇಳು."

ಪುಸ್ತಕದ ಉತ್ತರ ಗೊತ್ತಿತ್ತು. ಕೆಲವು ಔಷಧಿಗಳು ಹಾರ್ಮೋನಿಗಿಂತ ಮುಂಚೆ ಹೋಗಿ ರಿಸೆಪ್ಟರನ್ನ ಹಿಡ್ಕೊಂಡು ಕೂತುಬಿಡ್ತವೆ. ತಾವೂ ಆರ್ಡರ್ ಕೊಡಿಸಲ್ಲ, ಹಾರ್ಮೋನಿಗೂ ಬಿಡಲ್ಲ. ಆದರೆ ನಮ್ಮನೇಲಿ ಅದು ಯಾರು? ಐದು ವರ್ಷವೂ ಹೋಯಿತು ಅಂದುಕೊಂಡೆ. ಇದ್ದಕ್ಕಿದ್ದ ಹಾಗೆ ಎಣ್ಣೆ ಬಟ್ಟಲು ಕಣ್ಣ ಮುಂದೆ ಬಂತು.

"ಅಯ್ಯಯ್ಯೋ, ನಮ್ಮವ್ವ!" ಅಂತ ಕನ್ನಡದಲ್ಲೇ ಕಿರುಚಿದೆ.

ಅತ್ತೆಗಿಂತ ಮುಂಚೆ ಅಜ್ಜಿಯ ಕಾಲು ಹಿಡ್ಕೊಂಡು ಕೂತವರು ಅವ್ವನೇ ಅಂತ ವಿಷಯ ಬಿಡಿಸಿ ಹೇಳಿದೆ. ಮೇಡಂ ಕನ್ನಡಕ ತೆಗೆದರು. ಹೋದ ಸಲವೂ ಹೀಗೇ ತೆಗೆದಿದ್ದರು. ನೋಡಿದರೆ, ನಕ್ಕೂ ನಕ್ಕೂ ಬಂದ ಕಣ್ಣೀರು ಒರೆಸ್ಕೋತಿದ್ದರು. "ಪುರಿಂಜುದಮ್ಮಾ," ಅಂದರು. ಅರ್ಥವಾಯಿತಂತೆ. ಪಾಸು!

ಹೊರಗೆ ಬಂದವಳೇ ಅವ್ವನಿಗೆ ಫೋನ್ ಮಾಡಿದೆ. ಅವ್ವನಿಗೆ ಅಳು ಬಂತು, ನನಗೂ ಬಂತು. ಆಮೇಲೆ ಅವ್ವ ಮೂಗು ಒರೆಸ್ಕೊಂಡು, "ಏನ್ ಕೇಳುದ್ರು ಮೊಗಾ?" ಅಂದರು. ಎಣ್ಣೆ ಬಟ್ಟಲಿನ ತನಕ ಎಲ್ಲವನ್ನೂ ಒದರಿದೆ.

ಆ ಕಡೆ ಅವ್ವ ಫೋನಿಗೆ ಸೆರಗು ಅಡ್ಡ ಹಿಡಿದ ಸದ್ದಾಯಿತು.

"ಮೆಲ್ಲಗ್ ಮಾತಾಡವ್ವ, ನಿಮ್ಮಜ್ಜಿ ಇಲ್ಲೇ ಕೂತವ್ರೆ," ಅಂತ ಅವ್ವನ ಪಿಸುದನಿ ಬಂತು. "ಇಪ್ಪತ್ತೇಳ್ ವರ್ಸದಿಂದ ಈ ಊರಲ್ಲಿ ಒಬ್ರೂ ಕಂಡಿಡ್ದಿರ್ನಿಲ್ಲ. ನಿನ್ ಇಲಿ ಕಂಡಿಡ್ದ್‌ಬುಡ್ತಾ?"