ಗಂಗಕ್ಕ ಕೂಡಿಸಿದ ಗಾಜಿನ ಎಳೆ

ನನ್ನ ಕೈಗಳ ಬಗ್ಗೆ ನನಗೆ ಎಂದೂ ದೊಡ್ಡ ಅಭಿಪ್ರಾಯವಿರಲಿಲ್ಲ. ಸೀಮೆಸುಣ್ಣ ಹಿಡಿದರೆ ಮುರಿಯುತ್ತದೆ, ಅಂಗಿಯ ಗುಂಡಿ ಹಾಕಲು ಹೋದರೆ ಕಿತ್ತು ಬರುತ್ತದೆ. ನಮ್ಮ ಮನೆಯಲ್ಲಿ ಗಾಜಿನ ಲೋಟಗಳಿಲ್ಲ. ಇದ್ದವು, ತೊಳೆಯುವ ಉತ್ಸಾಹ ನನಗೆ ಬರುವವರೆಗೆ. ಇಂಥವನು ನಲವತ್ಮೂರನೇ ವಯಸ್ಸಿನಲ್ಲಿ ಪಿಎಚ್.ಡಿ.ಗೆಂದು ಆರಿಸಿಕೊಂಡದ್ದು ಕೂದಲಿನಷ್ಟು ತೆಳ್ಳಗಿನ ಗಾಜಿನ ಎಳೆಯನ್ನು! ನನ್ನ ಬುದ್ಧಿಗೂ ಕೈಗೂ ಮಾತುಕತೆಯೇ ಇಲ್ಲ.

ನಾನು ಜಮಖಂಡಿಯ ಕಾಲೇಜೊಂದರಲ್ಲಿ ಭೌತಶಾಸ್ತ್ರ ಕಲಿಸುತ್ತೇನೆ. ಮನೆಗೆ ಇಂಟರ್ನೆಟ್ ತರುವ ಆಪ್ಟಿಕಲ್ ಫೈಬರ್ ಇದೆಯಲ್ಲ, ಅದರ ನಡುವೆ ಬೆರಳಗಲ ಜಾಗವನ್ನು ಸವೆಸಿ, ಅಲ್ಲಿ ಗ್ರಾಫೀನ್ ಬೆರೆಸಿದ ಕಪ್ಪು ದ್ರಾವಣ ಲೇಪಿಸಬೇಕು. ಗ್ರಾಫೀನ್ ಎಂದರೆ ಒಂದೇ ಪರಮಾಣು ದಪ್ಪದ ಇಂಗಾಲದ ಹಾಳೆ. ಬಿಸಿ ತಾಗಿದಾಗ ಎಳೆಯೊಳಗಿನ ಬೆಳಕು ಹೆಚ್ಚುಕಡಿಮೆಯಾಗುತ್ತದೆ. ಅದನ್ನು ಅಳೆದರೆ ಉಷ್ಣತೆ ತಿಳಿಯುತ್ತದೆ. ಸಕ್ಕರೆ ಕಾರ್ಖಾನೆಯ ಜನರೇಟರಿನ ಪಕ್ಕ, ವಿದ್ಯುತ್ತಿನ ಗದ್ದಲಕ್ಕೆ ಮಾಮೂಲಿ ಮೀಟರುಗಳು ತಲೆ ಕೆಡಿಸಿಕೊಳ್ಳುವ ಕಡೆಯೂ ಗಾಜು ತಣ್ಣಗೆ ಕೆಲಸ ಮಾಡುತ್ತದೆ. ಆದರೆ ತರಿಸಿದ್ದ ಹನ್ನೆರಡು ಎಳೆಗಳಲ್ಲಿ ಹನ್ನೊಂದನ್ನು ನಾನು ಮುರಿದಿದ್ದೆ. ಸೋಮವಾರ ಗೈಡ್ ಕಾಲೇಜಿಗೆ ಬರುವವರಿದ್ದರು. ಈ ಸಲವೂ ತೋರಿಸಲು ಏನೂ ಇಲ್ಲದಿದ್ದರೆ ವಿಷಯವನ್ನೇ ಬಿಡಬೇಕು ಎಂದಿದ್ದರು. ಮೂರು ವರ್ಷದ ದುಡಿಮೆ ಕೊನೆಯ ಆ ಒಂದು ಎಳೆಯ ಮೇಲೆ ನಿಂತಿತ್ತು.

ಶನಿವಾರ ಮಧ್ಯಾಹ್ನ ಬನಹಟ್ಟಿಯ ನಮ್ಮ ಬಾಡಿಗೆ ಮನೆಯಲ್ಲಿ ಅದನ್ನು ಚೌಕಟ್ಟಿಗೆ ಕಟ್ಟುತ್ತಾ ಕೂತಿದ್ದೆ. ಮನೆಯ ಒಡತಿ ಗಂಗಕ್ಕ ಮೂವತ್ತು ವರ್ಷ ಮಗ್ಗದ ಮೇಲೆ ಸೀರೆ ನೇಯ್ದವರು. "ನಳಾ ಬಂದಾವ್ರೀ" ಎಂದು ನಲ್ಲಿಯಲ್ಲಿ ನೀರು ಬಂದ ಸುದ್ದಿ ಹೇಳಲು ಬಂದವರು ಬಾಗಿಲಲ್ಲೇ ನಿಂತರು.

"ಏನ್ ಮಾಡಾಕತ್ತೀರಿ ಸರ, ಉಸರ ಬಿಗಿಹಿಡದು?"

"ಹನ್ನೆರಡನೇದು ಮುರ್ಯಾಕತ್ತಾರ್ರೀ" ಎಂದಳು ನನ್ನ ಹೆಂಡತಿ ಸುಮಿತ್ರಾ, ಅಡುಗೆಮನೆಯಿಂದ.

ಗಂಗಕ್ಕ ಬಗ್ಗಿ ನೋಡಿದರು. "ಎಳಿ ಜಗ್ಗಬಾರದ್ರೀ ಸರ, ಕೂಡಿಸಬೇಕು, ಕೂಸಿನ್ನ ಕುಂದ್ರಿಸಿದಂಗ. ಸರೀರಿ ಅತ್ತಾಗ."

ನಾನು ಸರಿದೆ. ಅವರು ಕೈ ತೊಳೆದು, ಒರೆಸಿಕೊಂಡು, ಎಳೆಯ ಒಂದು ತುದಿಯನ್ನು ಅಂಟಿಸಿ ಇನ್ನೊಂದನ್ನು ಅದರ ಪಾಡಿಗೆ ಬಿಟ್ಟರು. ಅದು ತಾನಾಗಿ ನೆಟ್ಟಗಾದ ಮೇಲೆ ಮೆಲ್ಲಗೆ ಒತ್ತಿದರು. ಮುರಿಯಲಿಲ್ಲ! ಲೇಪಿಸುವುದು ಹೇಗೆಂದು ಹೇಳಿಕೊಟ್ಟೆ. "ನೂಲಿಗೆ ಗಂಜಿ ಹಾಕಿದಂಗ ಅಲ್ಲೇನ್ರೀ? ಒಮ್ಮೆ ತೆಳ್ಳಗ, ಒಣಗಿದ ಮ್ಯಾಲೆ ಮತ್ತೊಮ್ಮೆ" ಎಂದು ಹಾಗೆಯೇ ಲೇಪಿಸಿದರು. ನಾನಾದರೆ ಎಲ್ಲವನ್ನೂ ಒಂದೇ ಸಲ ಸುರಿಯುವವರ ಪೈಕಿ.

ಸೋಮವಾರ ಚೌಕಟ್ಟನ್ನು ಬಸ್ಸಿನಲ್ಲಿ ಒಯ್ಯಲು ಅವರು ನನ್ನನ್ನು ನಂಬಲಿಲ್ಲ. ತಾವೇ ಮಡಿಲಲ್ಲಿಟ್ಟುಕೊಂಡು ಜಮಖಂಡಿಗೆ ಬಂದರು. ಪ್ರಯೋಗಾಲಯದಲ್ಲಿ ಎಳೆಯನ್ನು ಬಿಸಿ ಮಾಡಿದಂತೆಲ್ಲ ಪರದೆಯ ಮೇಲಿನ ಗೆರೆ ಒಂದೊಂದೇ ಮೆಟ್ಟಿಲು ಹತ್ತಿತು. ಗೈಡ್ ಕನ್ನಡಕ ತೆಗೆದು, "ಎಷ್ಟ್ ಸಮಾ ಲೇಪನ ಆಗೇತ್ರೀ! ಭಾಳ ಛಲೋ ಕೈ ನಿಮ್ಮದು" ಎಂದರು.

"ಥ್ಯಾಂಕ್ಸ್ ಸರ್" ಎಂದುಬಿಟ್ಟೆ.

ಗಂಗಕ್ಕ ನನಗೆ ಒಳ್ಳೆಯದಾಯಿತೆಂದು ನಗುತ್ತಾ ನಿಂತಿದ್ದರು. ಆ ನಗು ನೋಡಿ ನನ್ನ ಕಿವಿ ಬಿಸಿಯಾದವು. "ಸರ್, ಕೈ ಇವರದು" ಎಂದೆ.

ಗೈಡ್ ಎದ್ದು ಅವರಿಗೆ ಕೈಮುಗಿದರು. "ಇನ್ನೂ ಆರು ಬೇಕಾಗ್ತಾವಲ್ರೀ, ಅಕ್ಕಾರ?"

"ಮಾಡೂಣ್ರೀ, ಅದಕ್ಕೇನು."

ಇನ್ನೂ ಮುಗಿಯದ ನನ್ನ ಪ್ರಬಂಧದಲ್ಲಿ ಮೊದಲ ಕೃತಜ್ಞತೆ ಗಂಗಕ್ಕನಿಗೆ. ಬರೆದದ್ದನ್ನು ಓದಿ ಹೇಳಿದಾಗ ಅವರು ಸೆರಗಿನಿಂದ ಕಣ್ಣೊರೆಸಿಕೊಂಡರು, ನಾನು ಗೋಡೆ ನೋಡಿದೆ. ಈಗ ಆರು ಎಳೆಗಳ ಕೆಲಸ ನಡೆದಿದೆ. ಅದರಲ್ಲಿ ನನಗೂ ಒಂದು ಜವಾಬ್ದಾರಿ ಕೊಟ್ಟಿದ್ದಾರೆ: ಫ್ಯಾನ್ ಆರಿಸಿ ಬಾಗಿಲ ಹತ್ತಿರ ನಿಲ್ಲುವುದು. ಡಾಕ್ಟರೇಟ್ ಸಿಕ್ಕ ಮೇಲಾದರೂ ಮೇಜಿನ ಹತ್ತಿರ ಬಿಡುತ್ತಾರೋ ಏನೋ, ಕೇಳುವ ಧೈರ್ಯ ಇನ್ನೂ ಬಂದಿಲ್ಲ.