ಅಹಿಂಸಾವಾದಿ ಅತ್ತಿಯ ರಕ್ತಸಿಕ್ತ ಕಥೆಗಳು

ನಮ್ಮ ಅತ್ತಿ ಜೀವಮಾನದಲ್ಲಿ ಒಂದು ಇರುವೆಯನ್ನೂ ಕೊಂದವಳಲ್ಲ. ಆದರೆ ಸಂಜೆಯಾದರೆ ಇಬ್ಬರು ರಾಣಿಯರು, ಒಂದು ತೋಳ, ಮೇಲೆ ಕೊಸರಿಗೆ ಒಬ್ಬ ಮಲತಾಯಿ, ಇಷ್ಟು ಜನರನ್ನು ಮುಗಿಸದೆ ಅವಳು ಹಾಸಿಗೆಗೆ ಬೆನ್ನು ಹಚ್ಚಿದ್ದನ್ನು ನಾನು ಕಂಡಿಲ್ಲ!

ಅತ್ತಿ ಎಂದರೆ ನನ್ನ ಅಪ್ಪನ ತಂಗಿ. ಗಡಹಿಂಗ್ಲಜದಲ್ಲಿ ಮಗ, ಎಮ್ಮೆ, ಹಿತ್ತಲು ಎಲ್ಲ ಇದ್ದರೂ ವರ್ಷದ ಅರ್ಧ ಇಚಲಕರಂಜಿಯ ನಮ್ಮ ಮನೆಯಲ್ಲೇ ಇರುತ್ತಾಳೆ. ನಾವು ಜೈನರು. ಅದರಲ್ಲೂ ಅತ್ತಿಯ ಆಚಾರ ನೀವು ನೋಡಬೇಕು. ಸೋಸದ ನೀರು ಮುಟ್ಟಳು. ಸಕ್ಕರೆ ಡಬ್ಬಿಗೆ ಇರುವೆ ಹೊಕ್ಕರೆ ಅವು ತಾವಾಗಿ ಮನಸ್ಸು ಮಾಡಿ ಹೊರಡುವ ತನಕ ನಮಗೆಲ್ಲ ಬೆಲ್ಲದ ಚಹಾ. ಸೂರ್ಯ ಮುಳುಗುವ ಮೊದಲೇ ಊಟ. ಊಟ ಮುಗಿದ ಮೇಲೆ ಬಾಯಿಗೆ ಏನಾದರೂ ಕೆಲಸ ಬೇಕಲ್ಲ? ನನ್ನ ಆರು ವರ್ಷದ ಮೊಮ್ಮಗಳನ್ನು ಮಗ್ಗುಲಿಗೆ ಎಳೆದುಕೊಂಡು ಕಥೆ ಶುರು!

ಮಳೆಗೆ ಮನೆ ಕರಗಿದ ಕಾಗೆ ಗುಬ್ಬಿಯ ಬಾಗಿಲಿಗೆ ಬರುವ ಕಥೆ ಯಾರಿಗೆ ಗೊತ್ತಿಲ್ಲ? ಮೊಮ್ಮಗಳ ಪುಸ್ತಕದಲ್ಲಿ ಗುಬ್ಬಿ ಬಾಗಿಲು ತೆಗೆದು ಕಾಗೆಗೆ ಬಿಸಿ ಹಾಲು ಕೊಡುತ್ತದೆ. ಅತ್ತಿಯ ಗುಬ್ಬಿಯೂ ಬಾಗಿಲು ತೆಗೆಯುತ್ತದೆ, "ಥಂಡ್ಯಾಗ ಬಂದೀಯಪಾ, ಕೂಡು" ಎಂದು ಉಪಚಾರ ಮಾಡುತ್ತದೆ. ಕೂಡಿಸುವುದು ಮಾತ್ರ ಕಾದ ಹಂಚಿನ ಮೇಲೆ! ಆಗ ಅತ್ತಿ ಬಾಯಲ್ಲಿ ತೆಗೆಯುವ ಆ "ಚರ್‍ರ್" ಸದ್ದಿಗೆ ಒಂದು ಸಲ ಅಡಿಗೆಮನೆಯಲ್ಲಿದ್ದ ಸೊಸೆ ರೊಟ್ಟಿ ಬಿಟ್ಟು ಓಡಿಬಂದಳು.

"ಆಜಿ, ಪುಸ್ತಕದಾಗ ಹಂಗಿಲ್ರಿ!"

"ಪುಸ್ತಕದಾವ್ರು ಸೋಸ್ಯಾರವಾ," ಎಂದಳು ಅತ್ತಿ. "ನೀರ ಸೋಸಬೇಕು. ಕಥಿ ಸೋಸಬಾರದು."

ಇದು ನಮ್ಮ ನೆಲದ ಕಥೆಯಾಯಿತು. ಪರದೇಶದ್ದನ್ನಾದರೂ ಬಿಟ್ಟಳೇ? ಒಂದು ದಿನ ಸೊಸೆಯೇ ಮಗಳಿಗೆ ಇಂಗ್ಲಿಷ್ ಪುಸ್ತಕದಿಂದ ಗಾಜಿನ ಚಪ್ಪಲಿ ಕಳೆದುಕೊಂಡ ಹುಡುಗಿಯ ಕಥೆ ಓದುತ್ತಿದ್ದಳು. ಚಪ್ಪಲಿ ಅಕ್ಕಂದಿರಿಗೆ ಹಿಡಿಸಲಿಲ್ಲ, ಅವರು ಮುಖ ಸಪ್ಪೆ ಮಾಡಿಕೊಂಡು ಕುಳಿತರು ಎಂದು ಪುಟ ತಿರುವಿದಳು.

"ತಡಿ," ಎಂದಳು ಅತ್ತಿ. "ಸುಮ್ಮನ ಕೂತ್ರು? ಹಿಮ್ಮಡಿ ಕೊಯ್ಕೊಳ್ಳಲಿಲ್ಲ?"

"ಇಶ್ಶಿ, ಏನ್ ಮಾತಾಡ್ತೀರಿ ಆಜಿ!"

"ಅಲ್ಲಾ, ರಾಜ್ಯಾ ಬರೂದಿತ್ತಲ್ಲ? ರಾಜ್ಯಾದ ಮುಂದ ಹಿಮ್ಮಡಿ ಏನ್ ಮಹಾ?"

ವ್ಯಾಪಾರಿಯಾದ ನನಗೆ ಈ ವಾದದಲ್ಲಿ ಎಳ್ಳಷ್ಟೂ ತಪ್ಪು ಕಾಣಲಿಲ್ಲ. ಸೊಸೆ ಮಾತ್ರ ಅತ್ತಿಯನ್ನು ಸುಳ್ಳು ಮಾಡಲೆಂದೇ ಮೊಬೈಲ್ ತೆಗೆದು ಹುಡುಕಿದಳು. ಹಳೆಯ ಕಾಲದ ಕಥೆಯಲ್ಲಿ ಒಬ್ಬಳು ಬೆರಳು, ಇನ್ನೊಬ್ಬಳು ಹಿಮ್ಮಡಿ ಕತ್ತರಿಸಿಕೊಂಡದ್ದು ಅಲ್ಲಿ ನಿಜಕ್ಕೂ ಇತ್ತು! ಮಕ್ಕಳ ಕಥೆಗಳೆಲ್ಲ ಹುಟ್ಟುವಾಗ ಹೀಗೇ ರಕ್ತ ಮೆತ್ತಿಕೊಂಡು ಹುಟ್ಟಿದವಂತೆ. ಆಮೇಲೆ ಯಾರೋ ಸ್ನಾನ ಮಾಡಿಸಿ, ಪೌಡರ್ ಹಚ್ಚಿ ಪುಸ್ತಕದಲ್ಲಿ ಕೂಡಿಸಿದ್ದಾರೆ.

"ಖರೇ ಐತಿ," ಎಂದು ಒಪ್ಪಿಕೊಂಡ ಸೊಸೆ, "ಆದ್ರೂ ಬ್ಯಾಡ!" ಎಂದಳು.

ಇಂಥಲ್ಲಿ ಮಧ್ಯಸ್ಥಿಕೆಗೆ ನನ್ನಂಥವನೇ ಆಗಬೇಕು. ಕೊಲ್ಹಾಪುರದ ಬೆಲ್ಲದ ಪೇಟೆಯಲ್ಲಿ ಗೋಣಿ ಹೊತ್ತು ಶುರುಮಾಡಿ, ಈಗ ಇಚಲಕರಂಜಿಯಲ್ಲಿ ಬಟ್ಟೆ ವ್ಯಾಪಾರ ನಡೆಸುವವನು ನಾನು. ಚೌಕಾಶಿ ನನಗೆ ಉಸಿರು. ಆ ಪೇಟೆಯಲ್ಲಿ ಮೊದಲೆಲ್ಲ ಟವೆಲ್ಲಿನ ಕೆಳಗೆ ಒಬ್ಬರ ಬೆರಳು ಒಬ್ಬರು ಹಿಡಿದು ಗುಟ್ಟಾಗಿ ದರ ಕುದುರಿಸುತ್ತಿದ್ದರು. ಅತ್ತಿಗೂ ಅದು ಗೊತ್ತು. ಅವಳ ಯಜಮಾನರೂ ಅದೇ ಪೇಟೆಯವರು. ಮೊಮ್ಮಗಳಿಗೆ ಕೇಳಿಸಬಾರದೆಂದು ನಾನು ಅತ್ತಿಯ ಕೈಮೇಲೆ ಟವೆಲ್ ಹೊದಿಸಿದೆ. ಕಥೆಗೆ ಎಷ್ಟು ಸಾವು? ಅತ್ತಿ ಐದು ಬೆರಳು ಹಿಡಿದಳು. ನಾನು ತಲೆ ಅಲ್ಲಾಡಿಸಿದೆ. ಮೂರು ಹಿಡಿದಳು. ಕೊನೆಗೆ ನಾನು ಒಂದೇ ಬೆರಳನ್ನು ಗಟ್ಟಿಯಾಗಿ ಒತ್ತಿದೆ. ಅತ್ತಿ ತುಸು ಯೋಚಿಸಿ ಒಪ್ಪಿದಳು. ಸೊಸೆಯ ಕಡೆ ನಾನು ಗೆದ್ದವನಂತೆ ನೋಡಿದೆ.

ಆ ಸಂಜೆಯ ಕಥೆಯಲ್ಲಿ ದೇವರಿಗೆ ಸಿಟ್ಟು ಬಂದು ಇಡೀ ಊರು ನದಿಯಲ್ಲಿ ಮುಳುಗಿತು. ದನಕರು ಸಮೇತ!

"ಅತ್ತೀ, ಒಂದಕ್ಕ ಒಪ್ಪಿದ್ದಿಲ್ಲೇನು?"

"ಒಂದಽ ಊರ ಅಲ್ಲೇನೋ!"

ನನ್ನ ಮಾತು ಕೇಳಿ. ಟವೆಲ್ ಹೊದಿಸುವ ಮೊದಲು ಒಂದು ಬೆರಳು ಎಂದರೆ ಎಷ್ಟು ಎಂಬುದನ್ನು ಬಾಯಿಬಿಟ್ಟು ಹೇಳಿಸಿಕೊಳ್ಳಿ. ಮನೆಯವರಾದರಂತೂ ಎರಡು ಸಲ ಹೇಳಿಸಿಕೊಳ್ಳಿ.

ಕೊನೆಗೆ ಪ್ರಕರಣ ಸಿಡಿದದ್ದು ಓಣಿಯ ಹುಡುಗಿಯೊಬ್ಬಳ ಹುಟ್ಟುಹಬ್ಬದಲ್ಲಿ. ಗುಲಾಬಿ ಕೇಕು, ಅದರ ಮೇಲೆ ಸಕ್ಕರೆಯಲ್ಲಿ ಮಾಡಿದ ರಾಜಕುಮಾರಿಯ ಚಪ್ಪಲಿ. ಎಲ್ಲರೂ ಚಪ್ಪಾಳೆ ತಟ್ಟುತ್ತಿರುವಾಗ ನಮ್ಮ ಮೊಮ್ಮಗಳು ಬಗ್ಗಿ ನೋಡಿ, "ಇದರಾಗ ರಕ್ತ ಎಲ್ಲೈತಿ?" ಎಂದು ಕೇಳಿದಳಂತೆ. ಆಮೇಲೆ ಯಾಕೆ ರಕ್ತ ಎಂಬುದನ್ನೂ ಸವಿಸ್ತಾರವಾಗಿ ವಿವರಿಸಿದಳಂತೆ. ಮೂರು ಮಕ್ಕಳು ಕೇಕು ತಿನ್ನಲಿಲ್ಲ. ಒಬ್ಬ ಮಾತ್ರ ಎರಡು ತುಂಡು ತಿಂದ. ಅವನು ಮುಂದೆ ಒಳ್ಳೆಯ ವ್ಯಾಪಾರಿಯಾಗುತ್ತಾನೆ, ಬರೆದಿಟ್ಟುಕೊಳ್ಳಿ.

ಮನೆಗೆ ಬಂದ ಸೊಸೆ ತೀರ್ಪು ಕೊಟ್ಟಳು. "ಮಾವಾರ, ಆಜಿ ಆ ಕಥಿ ಬಿಡ್ತೇನಿ ಅಂದ್ರ ಇರ್ಲಿ. ಇಲ್ಲಾಂದ್ರ ಈ ದಶಲಕ್ಷಣ ಪರ್ವ ಮುಗದ ಮ್ಯಾಲೆ ಗಡಹಿಂಗ್ಲಜಕ್ಕ ಹೋಗ್ಲಿ. ನನ್ನ ಮಗಳ ಮನಸ್ಸು ಕೆಡಾಕತ್ತೈತಿ."

ಮೊಮ್ಮಗಳ ಕೂದಲಿಗೆ ಎಣ್ಣೆ ತಿಕ್ಕುತ್ತಿದ್ದ ಅತ್ತಿಯ ಕೈ ಒಂದು ಗಳಿಗೆ ನಿಂತಿತು. ಆ ಸಂಜೆ ಪಾಪ, ಪ್ರಾಮಾಣಿಕವಾಗಿ ಪ್ರಯತ್ನಪಟ್ಟಳು. ತೋಳ ಅಜ್ಜಿಯ ಮನೆಗೆ ಬಂತು, ಕೈಕಾಲು ತೊಳೆಯಿತು, ಜೋಳದ ರೊಟ್ಟಿ ಪುಂಡಿಪಲ್ಯ ತಿಂದು ಅಜ್ಜಿಗೆ ನಮಸ್ಕಾರ ಮಾಡಿ ಹೋಯಿತು.

ಮೊಮ್ಮಗಳು ಅತ್ತಿಯ ಹಣೆ ಮುಟ್ಟಿ ನೋಡಿದಳು. "ಆಜಿ, ನಿನಗ ಜ್ವರಾ ಬಂದಾವೇನು?"

ಅತ್ತಿ ನನ್ನ ಕಡೆ ತಿರುಗಿದಳು. "ನನ್ನ ಕಡಿಂದ ಆಗೂದಿಲ್ಲೋ ತಮ್ಮಾ. ಕಥಿಯೊಳಗ ಹೆದರಿದ್ರ ಮಗ್ಗಲದಾಗ ನಾ ಇರ್ತೇನಿ. ಹೊರಗ ಹೆದರಿದಾಗ ಯಾರ ಇರ್ತಾರ? ಹೋಗ್ತೇನಿ ತಗೋ."

ದಶಲಕ್ಷಣ ಪರ್ವ ಮುಗಿದ ಮೇಲೆ ನಮ್ಮಲ್ಲಿ ಎಲ್ಲರೂ ಎಲ್ಲರ ಕ್ಷಮೆ ಕೇಳುವ ದಿನವೊಂದಿದೆ. ತಿಳಿದೋ ತಿಳಿಯದೆಯೋ ನೋಯಿಸಿದ ಸಕಲ ಜೀವಿಗಳ ಕ್ಷಮೆ. ಬಸದಿಯಿಂದ ಬಂದ ಅತ್ತಿ ನನಗೆ, ಸೊಸೆಗೆ, ಹಾಲಿನವನಿಗೆ ಕೈಮುಗಿದಳು. ಆಮೇಲೆ ಗೋಡೆಯ ಕಡೆ ತಿರುಗಿ ಹಂಚಿನ ಮೇಲಿನ ಕಾಗೆಗೆ, ಹಿಮ್ಮಡಿ ಕಳೆದುಕೊಂಡ ಅಕ್ಕಂದಿರಿಗೆ, ಮುಳುಗಿದ ಊರಿಗೆ, ಊರಿನ ದನಕರುಗಳಿಗೆ!

"ಮಲತಾಯಿ ಉಳಿದ್ಲಲ್ಲ ಅತ್ತೀ?" ಎಂದೆ.

"ಅಕಿಗಿ ಮುಂದಿನ ವರ್ಷ ನೋಡೂನು," ಎಂದು ತನ್ನ ಸೀರೆಗಳನ್ನು ಚೀಲಕ್ಕೆ ತುಂಬತೊಡಗಿದಳು. ಮರುದಿನ ಬೆಳಿಗ್ಗೆಯ ಬಸ್ಸಿಗೆ ಹೊರಡುವುದೆಂದು ಠರಾವಾಗಿತ್ತು.

ಆ ಮಧ್ಯಾಹ್ನ ಸೊಸೆಯ ತವರು ಕುರುಂದವಾಡದಿಂದ ಫೋನು ಬಂತು. ಸೊಸೆಯ ತಾಯಿಗೆ ಎದೆನೋವು. ಕೊಲ್ಹಾಪುರದ ದವಾಖಾನೆಗೆ ಸೇರಿಸಿದ್ದಾರೆ, ನಾಳೆ ಬೆಳಿಗ್ಗೆ ಆಪರೇಷನ್ನು. ಮೊಮ್ಮಗಳನ್ನು ಅತ್ತಿಯ ಬಳಿ ಬಿಟ್ಟು ನಾನೂ ಸೊಸೆಯೂ ಓಡಿದೆವು. ತಾಯಿಯ ಬಳಿ ಒಬ್ಬರೇ ಉಳಿಯಬಹುದು ಎಂದದ್ದಕ್ಕೆ ಸೊಸೆಯ ಅಣ್ಣ ಉಳಿದ. ನಾನು ಅವಳನ್ನು ಕರೆದುಕೊಂಡು ಮನೆಗೆ ಹೊರಟೆ. ದಾರಿಯುದ್ದಕ್ಕೂ ಫೋನು. ಅಣ್ಣ "ಏನೂ ಆಗೂದಿಲ್ಲ" ಎಂದ. ವ್ಯಾಪಾರಕ್ಕೆಂದು ಪರಊರಿಗೆ ಹೋಗಿದ್ದ ನನ್ನ ಮಗ "ಏನೂ ಆಗೂದಿಲ್ಲ" ಎಂದ. ಡಾಕ್ಟರೂ ಹಾಗೇ ನಕ್ಕಿದ್ದರು. ಸಲಹೆ ಕೊಡದೆ ನನ್ನ ಬಾಯಿ ಸುಮ್ಮನಿರುತ್ತದೆಯೇ? "ಈಗ ಇದೆಲ್ಲಾ ಹಲ್ಲು ಕೀಳಿಸಿದಂಗವಾ, ನೀ ಆರಾಮ ಇರು," ಎಂದೆ. ಅವಳು "ಹೌದ್ರಿ" ಎಂದಳು. ಮುಖ ಕಲ್ಲಾಗಿತ್ತು. ಒಂದು ಹನಿ ಕಣ್ಣೀರಿಲ್ಲ.

(ಬೀಗತಿ ಈಗ ಗಟ್ಟಿಮುಟ್ಟಾಗಿದ್ದಾರೆ, ಮೊನ್ನೆ ನನಗೇ ಉಪ್ಪು ಕಡಿಮೆ ತಿನ್ನಲು ಬುದ್ಧಿ ಹೇಳಿದರು. ಆದರೆ ಆ ಸಂಜೆ ಅದು ಯಾರಿಗೆ ಗೊತ್ತಿತ್ತು?)

ಮನೆ ಮುಟ್ಟಿದಾಗ ದೀಪ ಹಚ್ಚುವ ಹೊತ್ತು. ಅತ್ತಿಯ ಚೀಲ ಬಾಗಿಲ ಬಳಿ ಸಿದ್ಧವಾಗಿ ಕುಳಿತಿತ್ತು. ಸೊಸೆ ಒಳಗೆ ಹೋಗಲಿಲ್ಲ. ನೇರ ಹೋಗಿ ಅತ್ತಿಯ ಚಾಪೆಯ ಮೇಲೆ ಕುಳಿತಳು.

"ಆಜಿ, ಎಲ್ಲಾರೂ ಏನೂ ಆಗೂದಿಲ್ಲ ಅನ್ನಾಕತ್ತಾರ. ನೀವರ ಖರೇ ಹೇಳ್ರಿ."

ನಾನು ಕಣ್ಸನ್ನೆ ಮಾಡಿದೆ, ಕೆಮ್ಮಿದೆ. ಅತ್ತಿ ನನ್ನ ಕಡೆ ನೋಡಲೇ ಇಲ್ಲ.

"ಆದ್ರೂ ಆಗಬಹುದವಾ," ಎಂದಳು. "ನಿಮ್ಮವ್ವ ತಿರುಗಿ ಬರಬಹುದು, ಬರಲಿಕ್ಕಿಲ್ಲ. ಯಾರಿಗಿ ಗೊತ್ತು?"

ಸೊಸೆ ಗಳಗಳ ಅತ್ತುಬಿಟ್ಟಳು. ಮಧ್ಯಾಹ್ನದಿಂದ ಕಟ್ಟಿಕೊಂಡದ್ದೆಲ್ಲ ಒಡೆದು ಬಂತು. ಅತ್ತಿ ಸುಮ್ಮನೆ ಬೆನ್ನು ಸವರುತ್ತಿದ್ದಳು, "ಅಳಬ್ಯಾಡ" ಎಂದು ಒಂದು ಸಲವೂ ಅನ್ನಲಿಲ್ಲ. ಅಳು ಇಳಿದ ಮೇಲೆ ಸೊಸೆ ಮೂಗು ಒರೆಸಿಕೊಂಡು, "ನಾಳಿ ಬಸ್ಸು ಬ್ಯಾಡ್ರಿ ಆಜಿ," ಎಂದು ಅತ್ತಿಯ ತೊಡೆಯ ಮೇಲೆ ತಲೆಯಿಟ್ಟಳು. ಮೊಮ್ಮಗಳು ಸಂದಿಯಲ್ಲಿ ನುಸುಳಿ ತಾಯಿಯ ಹೊಟ್ಟೆಗೆ ಆತುಕೊಂಡಳು.

ಅತ್ತಿ ಶುರುಮಾಡಿದಳು. ಒಬ್ಬ ಹುಡುಗಿ. ಅವಳ ತಾಯಿಯನ್ನು ಹುಲಿ ಹೊತ್ತೊಯ್ದಿದೆ. ಹುಡುಗಿ ಕೈಯಲ್ಲೊಂದು ಕುಡುಗೋಲು ಹಿಡಿದು ಕಾಡಿಗೆ ಹೊರಟಿದ್ದಾಳೆ. ಕಾಡು ಕಪ್ಪಗಿದೆ, ದಾರಿಯಲ್ಲಿ ಎಲುಬುಗಳಿವೆ; ಅತ್ತಿ ಒಂದನ್ನೂ ಸೋಸಲಿಲ್ಲ. ಹುಲಿಯ ಗವಿಯ ಬಾಗಿಲಿಗೆ ಬಂದಾಗ ಹುಡುಗಿ ಹೆದರಿ ಕುಡುಗೋಲನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದಳು. ಅತ್ತಿ ಅಲ್ಲಿ ತುಸು ತಡೆದಳು.

"ಹೂಂ," ಎಂದು ತೊಡೆಯ ಮೇಲಿಂದ ದನಿ ಬಂತು. ಮೊಮ್ಮಗಳಿಗೆ ಆಗಲೇ ನಿದ್ದೆ ಹತ್ತಿತ್ತು.