ಕೆಂಪು ಬಾಲದ ಮೀನೂ ನಮ್ಮ ಕಾಕಾನೂ

ನಮ್ಮ ಕಾಕಾನಷ್ಟು ಮಡಿವಂತರು ಬಾದಾಮಿಯಲ್ಲಿ ಇನ್ನೊಬ್ಬರಿಲ್ಲ. ಆದರೆ ಸಂತೆಯ ದಿನ ಅವರನ್ನು ಕಾಣಬೇಕೆಂದರೆ ನೀವು ಮೀನು ಮಾರುವ ಸಾಲಿಗೇ ಹೋಗಬೇಕು! ಉಳ್ಳಾಗಡ್ಡಿಯನ್ನೂ ಮುಟ್ಟದ ಈ ನಿವೃತ್ತ ಗಣಿತದ ಮಾಸ್ತರರು ಶಲ್ಯದಿಂದ ಮೂಗು ಮುಚ್ಚಿಕೊಂಡು ಒಂದೊಂದೇ ಬುಟ್ಟಿಗೆ ಬಗ್ಗಿ ನೋಡುತ್ತಾರೆ. ಕೈಯಲ್ಲೊಂದು ತಾಮ್ರದ ಕೊಡ. ಅದೂ ಅವರ ಹೆಂಡತಿ, ನಮ್ಮ ಕಾಕು, ತವರಿನಿಂದ ತಂದದ್ದು!

ಅವರು ಹುಡುಕುವುದು ಕೆಂಪು ಬಾಲದ ಒಂದು ಮೀನನ್ನು. ಚಿಕ್ಕಂದಿನಲ್ಲಿ ಮಲಪ್ರಭೆಯಲ್ಲಿ ನಿಂತು ಸಂಧ್ಯಾವಂದನೆ ಮಾಡುವಾಗ ಅವು ಹಿಂಡುಹಿಂಡಾಗಿ ಬಂದು ಕಾಲ್ಬೆರಳು ಕಚ್ಚುತ್ತಿದ್ದವಂತೆ. ಜಪದ ಲೆಕ್ಕ ತಪ್ಪುತ್ತಿತ್ತಂತೆ. ಮುಂದೆ ಅಣೆಕಟ್ಟು ಬಂತು, ಉಸುಕು ಲಾರಿ ಹತ್ತಿ ಹೋಯಿತು, ಬೇರೆ ಕಡೆಯ ಮೀನು ತಂದು ಬಿಟ್ಟರು. ಕೆಂಪು ಬಾಲ ಹೇಳಹೆಸರಿಲ್ಲದೆ ಹೋಯಿತು. ಎಲ್ಲಾದರೂ ಒಂದು ಜೀವಂತ ಸಿಕ್ಕರೆ ತಂದು ಹೊಳೆಗೆ ಬಿಡಬೇಕೆಂಬುದು ಕಾಕಾನ ಹಟ.

ಊರಿಗೆ ಇದೆಲ್ಲ ಎಲ್ಲಿ ಗೊತ್ತು? ಮಾಸ್ತರರು ಈ ವಯಸ್ಸಿನಲ್ಲಿ ಮೀನು ತಿನ್ನಲು ಕಲಿತರೆಂದು ಸುದ್ದಿ ಹಬ್ಬಿತು. ಇಳಕಲ್ಲಿನ ಬೀಗರೊಬ್ಬರು ಫೋನ್ ಮಾಡಿ, ಯಾರಿಗೂ ಹೇಳಬೇಡಿ ಎನ್ನುತ್ತಲೇ, ರುಚಿ ಹೇಗಿರುತ್ತದೆಂದು ವಿಚಾರಿಸಿದರು! ಕಾಕು ಮಾತ್ರ ಸಂತೆಯಿಂದ ಬಂದ ಗಂಡನನ್ನು ಹಿತ್ತಲಲ್ಲಿ ನಿಲ್ಲಿಸಿ ಎರಡು ಬಕೀಟು ನೀರು ಸುರಿಯದೆ ಒಳಗೆ ಬಿಡುತ್ತಿರಲಿಲ್ಲ.

ಮೀನು ಮಾರುವ ಹಸೀನಾಬಿ ಒಮ್ಮೆ ಕೇಳಿಯೇಬಿಟ್ಟಳು: "ಮಾಸ್ತರ್ರ, ತಿನ್ನೂದಿಲ್ಲ, ಒಯ್ಯೂದಿಲ್ಲ, ಬರೇ ನೋಡಿ ಹೋಗ್ತೀರಿ. ಕನ್ಯಾ ನೋಡಾಕ ಬಂದೀರೇನ್ರಿ?"

ಕಾಕಾ ಅವಳಿಗೆ ಕೆಂಪು ಬಾಲದ ಕಥೆಯನ್ನೆಲ್ಲ ಹೇಳಿ ಫೋನ್ ನಂಬರನ್ನೂ ಕೊಟ್ಟು ಬಂದರು. ಕಳೆದ ತಿಂಗಳು ಅವಳೇ ಫೋನ್ ಮಾಡಿದಳು. ಲಗೂನ ಬರ್ರಿ, ಇನ್ನೂ ಉಸಿರಾಡಾಕತ್ತೈತಿ ಎಂದಳು. ನನ್ನ ಸ್ಕೂಟರಿನಲ್ಲಿ ಓಡಿದೆವು. ನೀರು ತುಂಬಿದ ಬೋಗುಣಿಯಲ್ಲಿ ಅವಳು ಅದನ್ನು ಕಾದಿಟ್ಟಿದ್ದಳು. ಹುಟ್ಟಿದಾಗಿನಿಂದ ಮೀನು ಮುಟ್ಟದ ಕಾಕಾ ಎರಡೂ ಕೈಯಿಂದ ಎತ್ತಿ ಕೊಡಕ್ಕೆ ಬಿಟ್ಟುಕೊಂಡರು. ದಾರಿಯುದ್ದಕ್ಕೂ ಕೊಡವನ್ನು ತಬ್ಬಿಕೊಂಡು ಕೂತ ಅವರನ್ನು ಕಂಡು, ಯಾವುದೋ ಪುಣ್ಯತೀರ್ಥವೆಂದು ಎದುರು ಬಸ್ಸಿನವರು ಕೈಮುಗಿದರು!

ಮಲಪ್ರಭೆಯಲ್ಲಿ ಮೊಣಕಾಲುದ್ದ ನೀರಿಗಿಳಿದು ಕಾಕಾ ಕೊಡವನ್ನು ಮೆಲ್ಲಗೆ ಬಗ್ಗಿಸಿದರು. ಮೀನು ಅವರ ಕಾಲ ಬಳಿ ಒಂದು ಗಳಿಗೆ ನಿಂತಿತು. ಆಮೇಲೆ ಬಾಲ ಬಡಿದು ಹೊರಟೇಹೋಯಿತು. ನಾನು ಚಪ್ಪಾಳೆ ತಟ್ಟಿದೆ. ಕಾಕಾ ನೀರು ಬಿಟ್ಟು ಮೇಲೆ ಬರಲೇ ಇಲ್ಲ. ಕರೆಯಲು ಹತ್ತಿರ ಹೋದರೆ ಅವರ ಕಣ್ಣು ತುಂಬಿ ಬಂದಿತ್ತು. ಇಷ್ಟು ವರ್ಷ ಅವರನ್ನು ನೋಡಿ ನಕ್ಕದ್ದಕ್ಕೆ ನನಗೆ ನಾಚಿಕೆಯಾಯಿತು.

"ನನಗಾದ್ರೂ ಹುಡುಕಲಿಕ್ಕೆ ಒಂದು ಸಂತಿ ಇತ್ತು," ಎಂದರು. "ಇಷ್ಟು ದೊಡ್ಡ ಹೊಳಿಯೊಳಗ ಅದು ತನ್ನವರನ್ನ ಎಲ್ಲೆ ಹುಡುಕಬೇಕೋ?"